ಹೆರಿಗೆ ದಫ್ತರದೊಳಗಿನ ಸಕ್ಕರೆ

ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಶುರುವಾದದ್ದು 1906ರಲ್ಲಿ. ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಫ್ತರದಲ್ಲಿ ಬರೆದಿಡುವ ರೂಢಿಯಿತ್ತು. ಬಸುರಿಯ ತೂಕವನ್ನೂ ಬರೆಯುತ್ತಿದ್ದರು. ಹೆರಿಗೆ ಕಷ್ಟವಾದೀತೇ ಎಂದು ಮೊದಲೇ ಅಂದಾಜು ಮಾಡಲು ಅವಳ ಸೊಂಟದೆಲುಬಿನ ಅಳತೆಯನ್ನೂ ತೆಗೆಯುತ್ತಿದ್ದರು. ಬರೆದ ದಾದಿಯರಿಗೆ ಅದು ದಿನನಿತ್ಯದ ಕೆಲಸ, ಅಷ್ಟೇ. ಆ ಕೂಸುಗಳಿಗೆ ಮುಪ್ಪು ಬಂದಾಗ ಯಾರೋ ಆ ಹಾಳೆ ತಿರುವಿ ಅವರ ನೆನಪಿನ ಶಕ್ತಿಯ ಲೆಕ್ಕ ಹಾಕುತ್ತಾರೆಂದು ಯಾರಿಗೂ ಹೊಳೆದಿರಲಾರದು.

ಇಂಥ ಶೋಧ ನಮ್ಮ ಹಿಡಕಲ್ ಸೀಮೆಯಲ್ಲಿ ನಡೆಯುವ ಹಾಗೇ ಇರಲಿಲ್ಲ. ಇಲ್ಲಿ ಆಗ ಹೆರಿಗೆ ಎಂದರೆ ಮನೆ, ಸೂಲಗಿತ್ತಿ, ಬಿಸಿನೀರು. ಗೋಕಾಕ, ಹುಕ್ಕೇರಿ, ಮೂಡಲಗಿ ಕಡೆಯ ಎಪ್ಪತ್ತು ದಾಟಿದ ಹಿರಿಯರನ್ನು ಹುಟ್ಟಿದಾಗ ಎಷ್ಟು ತೂಕವಿದ್ದಿರಿ ಎಂದು ಕೇಳಿ ನೋಡಿ. "ಹುಟ್ಟಿದ ತಾರೀಖೇ ಮಾಸ್ತರು ಹಾಕಿದ್ದು, ಜೂನ್ ಒಂದು. ತೂಕ ಎಲ್ಲಿಂದ ತರೂಣ್ರೀ?" ಎಂದು ನಗುತ್ತಾರೆ. ಅದೇ ಹಿರಿಯರಿಗೆ ಹೋದ ತಿಂಗಳ ಸಕ್ಕರೆ ಎಷ್ಟಿತ್ತು, ಊಟಕ್ಕೆ ಮೊದಲು ಎಷ್ಟು, ಆದಮೇಲೆ ಎಷ್ಟು ಎಂಬುದು ಬಾಯಿಪಾಠ.

ಹಳೆಯ ದಫ್ತರಗಳ ಬೆನ್ನು ಮೊದಲು ಹತ್ತಿದವರು ಇಂಗ್ಲೆಂಡಿನ ಸೌತಾಂಪ್ಟನ್ನಿನ ವೈದ್ಯ ಸಂಶೋಧಕ ಡೇವಿಡ್ ಬಾರ್ಕರ್. ಹರ್ಟ್‌ಫರ್ಡ್‌ಶೈರ್ ಜಿಲ್ಲೆಯಲ್ಲಿ 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬಾಕೆಯ ಉಸ್ತುವಾರಿಯಲ್ಲಿ ದಾದಿಯರು ಕೂಸಿನ ಹುಟ್ಟಿದಾಗಿನ ತೂಕವನ್ನೂ ವರ್ಷ ತುಂಬಿದಾಗಿನ ತೂಕವನ್ನೂ ಬರೆದಿಟ್ಟಿದ್ದರು. ಆ ಕೂಸುಗಳಲ್ಲಿ ಮುಂದೆ ಯಾರು ಹೃದಯರೋಗದಿಂದ ಸತ್ತರು ಎಂದು ಬಾರ್ಕರ್ ತಂಡ ಹುಡುಕಿತು. ಚಿಕ್ಕಂದಿನಲ್ಲಿ ತೂಕ ಕಡಿಮೆ ಇದ್ದವರಲ್ಲಿ ಸಾವು ಹೆಚ್ಚು ಎಂದು 1989ರಲ್ಲಿ ಪ್ರಕಟಿಸಿತು. 1991ರಲ್ಲಿ ಅದೇ ಜಿಲ್ಲೆಯ ಅರವತ್ತು ದಾಟಿದ ಗಂಡಸರ ರಕ್ತ ಪರೀಕ್ಷಿಸಿದಾಗ ಸಕ್ಕರೆಯ ವಿಷಯದಲ್ಲೂ ಇದೇ ಕಂಡಿತು. ಹೊಟ್ಟೆಯೊಳಗೆ ಕೊರತೆ ಉಂಡ ದೇಹ ಉಳಿತಾಯಕ್ಕೆ ಒಗ್ಗಿಕೊಳ್ಳುತ್ತದೆ, ಮುಂದೆ ಸಮೃದ್ಧಿ ಬಂದಾಗ ತಡೆದುಕೊಳ್ಳಲಾರದು ಎಂಬುದು ಅವರ ವಾದ.

ವಾದ ಚೆನ್ನಾಗಿತ್ತು. ಆದರೆ ಅದರ ನಿಜವಾದ ಪರೀಕ್ಷೆ ಆಗಬೇಕಾದದ್ದು ಸಣ್ಣ ಕೂಸುಗಳು ಹೆಚ್ಚಾಗಿ ಹುಟ್ಟುವ ನಮ್ಮ ದೇಶದಲ್ಲಿ. ಅದಕ್ಕೆ ಹಳೆಯ ದಾಖಲೆ ಬೇಕು. ಬಾರ್ಕರ್ ತಂಡದ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರಿಗೆ ಅದು ದೊರೆತದ್ದು ಮಿಷನ್ ಆಸ್ಪತ್ರೆಯಲ್ಲಿ.

ದಫ್ತರ ಸಿಕ್ಕರೆ ಆಯಿತೇ? ಅದರೊಳಗಿನ ಮಕ್ಕಳು ಸಿಗಬೇಡವೇ! ಆಸ್ಪತ್ರೆಯ ಸುತ್ತಲಿನ ಮೊಹಲ್ಲಾಗಳಲ್ಲಿ ಕಾರ್ಯಕರ್ತರು ಮನೆಮನೆ ಹತ್ತಿಳಿದರು. ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು ಯಾರಾದರೂ ಇದ್ದೀರಾ ಎಂದು ವಿಚಾರಿಸುವುದು, ಹೌದೆಂದವರ ವಿವರ ತಂದು ದಫ್ತರದ ಸಾಲಿಗೆ ತಾಳೆ ನೋಡುವುದು. ಮದುವೆಯಾಗಿ ಊರು ಬಿಟ್ಟ ಹೆಣ್ಣುಮಕ್ಕಳು, ಒಂದೇ ಹೆಸರಿನ ನಾಲ್ಕಾರು ತಾಯಂದಿರು, ಸರಿಯಾಗಿ ಗೊತ್ತಿಲ್ಲದ ಹುಟ್ಟಿದ ದಿನ, ಇವೆಲ್ಲ ದಾಟಿ ಹೊಂದಿಸಬೇಕು. ಪ್ರಬಂಧಗಳಲ್ಲಿ ಈ ತಿರುಗಾಟಕ್ಕೆ ಎರಡು ಸಾಲಿಗಿಂತ ಹೆಚ್ಚು ಜಾಗ ಸಿಗುವುದಿಲ್ಲ. ನನಗೆ ಇಡೀ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸವಾಗಿ ಕಾಣುವುದು ಅದೇ.

1996ರಲ್ಲಿ ಮೊದಲ ಫಲ ಬಂತು. 517 ಗಂಡಸರು, ಹೆಂಗಸರ ತಪಾಸಣೆ ನಡೆದಿತ್ತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ಕಾಯಿಲೆ, 3.1 ಕಿಲೋ ಮೇಲಿದ್ದವರಲ್ಲಿ ಶೇ. 3. ಕೂಸೂ ಸಣ್ಣದು, ಬಸುರಿನಲ್ಲಿ ತಾಯಿಯೂ 45 ಕಿಲೋ ಒಳಗೆ ಎಂಬಲ್ಲಿ ಶೇ. 20. ಬಾರ್ಕರ್ ಹೇಳಿದ್ದು ಮೈಸೂರಿನಲ್ಲೂ ನಿಂತಿತು.

ಆದರೆ ಸಕ್ಕರೆ ಈ ಮಾತು ಕೇಳಲಿಲ್ಲ. 1998ರಲ್ಲಿ 506 ಜನರ ಲೆಕ್ಕ ಹೊರಬಂದಾಗ ಮಧುಮೇಹ ಹೆಚ್ಚಾಗಿ ಕಂಡದ್ದು ತೂಕ ಕಡಿಮೆ ಇದ್ದವರಲ್ಲಲ್ಲ, ಉದ್ದಕ್ಕೆ ಹೋಲಿಸಿದರೆ ಗುಂಡಗೆ ಹುಟ್ಟಿದವರಲ್ಲಿ. ಗಿಡ್ಡಗೆ ಹುಟ್ಟಿದವರಲ್ಲೂ ಹೆಚ್ಚಿತ್ತು, ಆದರೆ ಆ ನಂಟು ಅಷ್ಟು ಗಟ್ಟಿಯದಲ್ಲ. ತಾಯಂದಿರ ಸಾಲು ನೋಡಿದರೆ ಇನ್ನೂ ಸೋಜಿಗ: ಸರಾಸರಿಗಿಂತ ಹೆಚ್ಚು ತೂಕದ, ಅಗಲ ಸೊಂಟದೆಲುಬಿನ ತಾಯಂದಿರ ಮಕ್ಕಳಿಗೇ ಸಕ್ಕರೆ ಕಾಯಿಲೆ ಹೆಚ್ಚು. ಒಂದೇ ದಫ್ತರ. ಹೃದಯ ಕೇಳಿದರೆ ಬಡಕಲು ತಾಯಿಯತ್ತ ಬೆರಳು ತೋರಿಸುತ್ತದೆ, ಸಕ್ಕರೆ ಕೇಳಿದರೆ ಮೈತುಂಬಿದ ತಾಯಿಯತ್ತ. ಸಲೀಸಾಗಿ ಹೊಂದುವ ಉತ್ತರವನ್ನೇ ಹುಡುಕುವವರಾಗಿದ್ದರೆ ಎರಡನೆಯದನ್ನು ಪಕ್ಕಕ್ಕಿಡುತ್ತಿದ್ದರು. ಇವರು ಅಚ್ಚು ಹಾಕಿಸಿದರು.

ಬಸುರಿನಲ್ಲಿ ತಾಯಿಯ ರಕ್ತದ ಸಕ್ಕರೆ ಯಾರಿಗೂ ತಿಳಿಯದಂತೆ ಏರಿದ್ದಿರಬಹುದು, ಅದು ಕೂಸಿಗೂ ಹರಿದು ಕೊಬ್ಬಾಗಿ ಕೂತಿರಬಹುದು ಎಂಬ ಗುಮಾನಿ ಎದ್ದಿತು. ದಫ್ತರದಲ್ಲಿ ಎಲ್ಲವೂ ಇತ್ತು, ಇದೊಂದು ಇರಲಿಲ್ಲ. ಹಾಗಾಗಿ ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಹೊಸದಾಗಿ ಪಾರ್ಥೆನಾನ್ ಅಧ್ಯಯನ ಹೂಡಿದರು. ಸುಮಾರು ಎಂಟುನೂರು ಬಸುರಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ನೋಡಿದರೆ ಶೇ. 6.2 ಮಂದಿಗೆ ಗರ್ಭಾವಸ್ಥೆಯ ಮಧುಮೇಹ. ಈ ಬಸುರಿಯರೆಲ್ಲರ ಮಕ್ಕಳನ್ನು ಸಂಶೋಧಕಿ ಕೃಷ್ಣವೇಣಿ ಮತ್ತು ತಂಡ ಐದು ವರ್ಷಕ್ಕೆ ಕರೆದು ನೋಡಿದಾಗ, ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬೂ ಇನ್ಸುಲಿನ್ನೂ ಉಳಿದ ಮಕ್ಕಳಿಗಿಂತ ಹೆಚ್ಚಿದ್ದವು.

ತೂಕ ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ನೆರೆಯ ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ತಮ್ಮ ಮೈಯನ್ನೇ ಸಾಕ್ಷಿ ಇಟ್ಟಿದ್ದುಂಟು. 2004ರಲ್ಲಿ ಇಂಗ್ಲೆಂಡಿನ ಗೆಳೆಯ ಜಾನ್ ಯುಡ್ಕಿನ್ ಜೊತೆ ನಿಂತ ಫೋಟೊ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚಿ, ಅಂದರೆ ಬಿಎಂಐ, ಇಬ್ಬರದೂ 22.3. ಮೈಯ ಕೊಬ್ಬು ಯುಡ್ಕಿನ್ನರದು ಶೇ. 9.1, ಯಾಜ್ಞಿಕರದು ಶೇ. 21.2. ದವಾಖಾನೆ ಗೋಡೆಯ ತೂಕದ ಚಾರ್ಟುಗಳೆಲ್ಲ ಸೇರಿದರೂ ಹೇಳದ ಮಾತು ಆ ಒಂದು ಚಿತ್ರದಲ್ಲಿದೆ.

ಇನ್ನು ಮಿದುಳಿನ ಸರದಿ. ದಫ್ತರದ ಮಕ್ಕಳು ಅಜ್ಜ ಅಜ್ಜಿಯರಾದ ಮೇಲೆ ಮೈಸೂರಿನ ಮನೋವೈದ್ಯ ಡಾ. ಮುರಳಿ ಕೃಷ್ಣ ಮತ್ತೆ ಅವರ ಬಳಿ ಹೋದರು. 55ರಿಂದ 80 ವಯಸ್ಸಿನ 721 ಜನ ಸಿಕ್ಕರು. ಅರಿವಿನ ಶಕ್ತಿ ಅಳೆಯುವ ಇಂಥ ಪರೀಕ್ಷೆಗಳಲ್ಲಿ ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಿ ಎನ್ನುತ್ತಾರೆ. ಹತ್ತು ಪದ ಓದಿ ಹೇಳಿ, ಬೇರೆ ಮಾತಿಗೆಳೆದು, ತುಸು ಹೊತ್ತಿನ ಮೇಲೆ ಅವೇ ಪದ ಕೇಳುತ್ತಾರೆ. ಕೂತವರಿಗೆ ಮಕ್ಕಳಾಟ ಅನ್ನಿಸಬಹುದು. ಏಳನೆಯ ಪ್ರಾಣಿಗೆ ತಡವರಿಸಿದಾಗ ಮಾತ್ರ ಮುಖ ಬದಲಾಗುತ್ತದೆ.

ಈ 721ರಲ್ಲಿ 522 ಮಂದಿಗೆ ಅದಕ್ಕೂ ಸುಮಾರು ಇಪ್ಪತ್ತು ವರ್ಷ ಮೊದಲೇ ಸಕ್ಕರೆ, ಹೃದಯಗಳ ತಪಾಸಣೆ ಆಗಿತ್ತು. ಈ ಕತೆಯ ನಿಜವಾದ ಬಲ ಇರುವುದು ಇಲ್ಲಿ. ಸಕ್ಕರೆ, ಮರೆವು ಎರಡನ್ನೂ ಒಂದೇ ದಿನ ಅಳೆದರೆ ಯಾವುದು ಮೊದಲು ಬಂತೆಂದು ಹೇಳಲಾಗದು. ಮೈಸೂರಿನಲ್ಲಿ ಹುಟ್ಟು, ನಡುವಯಸ್ಸು, ಮುಪ್ಪು ಮೂರರ ಲೆಕ್ಕವೂ ಸಾಲಾಗಿ ಕೂತಿತ್ತು.

ಎಲ್ಲರ ನಿರೀಕ್ಷೆ ಒಂದು ಸರಪಳಿಯದು: ಹೊಟ್ಟೆಯಲ್ಲಿ ಬೆಳವಣಿಗೆ ಕುಂಠಿತ, ಅದರಿಂದ ಸಕ್ಕರೆ ಮತ್ತು ಬಿಪಿ, ಅದರಿಂದ ಮಿದುಳು ಮಂಕು. 2022ರಲ್ಲಿ ಅಚ್ಚಾದ ಫಲಿತಾಂಶ ಆ ಸರಪಳಿಯನ್ನು ಒಪ್ಪಲಿಲ್ಲ. ಹೆಚ್ಚು ತೂಕದಿಂದ ಹುಟ್ಟಿದವರ ಅಂಕ ಮುಪ್ಪಿನಲ್ಲಿ ತುಸು ಮೇಲಿತ್ತು, ನಿಜ. ಆದರೆ ಆ ನಂಟು ಸಕ್ಕರೆ, ಹೃದಯಗಳ ದಾರಿ ಹಿಡಿದು ಬಂದದ್ದಲ್ಲ. ಓದು, ಮನೆಯ ಸ್ಥಿತಿಗತಿಗಳನ್ನೆಲ್ಲ ಲೆಕ್ಕಕ್ಕೆ ಹಿಡಿದಾಗ ಅದೂ ಸಪ್ಪೆಯಾಯಿತು. ತಾಯಿ ಎಷ್ಟು ಓದಿದ್ದಳು, ತಾವೆಷ್ಟು ಓದಿದ್ದರು ಎಂಬುದು ಮುಪ್ಪಿನ ಅಂಕಗಳಲ್ಲೂ ಕಂಡಿತು. ಕಾಲುಗಳ ಉದ್ದವೂ ಕಂಡಿತು. ಬಾಲ್ಯದಲ್ಲಿ ಹೊಟ್ಟೆ ತುಂಬಿತ್ತೇ ಎಂಬುದಕ್ಕೆ ಅದು ಗುರುತು.

ಮಧುಮೇಹಕ್ಕೆ ಮಾತ್ರ ಖುಲಾಸೆ ಸಿಗಲಿಲ್ಲ. ನಡುವಯಸ್ಸಿನಲ್ಲೇ ಅದು ಬಂದವರ ಅಂಕ ಮುಪ್ಪಿನಲ್ಲಿ ಕಡಿಮೆ. ಪಾರ್ಶ್ವವಾಯು, ಖಿನ್ನತೆಯೂ ಅದರ ಸಾಲಿನಲ್ಲೇ ನಿಂತವು. ಮೈತೂಕವೋ ತದ್ವಿರುದ್ಧ: ಬಿಎಂಐ ಹೆಚ್ಚಿದ್ದ ಹಿರಿಯರ ಅಂಕವೇ ಮೇಲು. ಇದನ್ನು ಓದಿ ಕರದಂಟಿನ ಡಬ್ಬಿಗೆ ಕೈ ಹಾಕುವ ಗೋಕಾಕದ ಗೆಳೆಯರು ಸ್ವಲ್ಪ ತಡೆಯಲಿ. ಮರೆವಿನ ಕಾಯಿಲೆ ಬಯಲಾಗುವ ವರ್ಷಗಳ ಮೊದಲೇ ಮೈ ಸೊರಗತೊಡಗುತ್ತದೆ ಎಂಬುದು ಬೇರೆ ಅಧ್ಯಯನಗಳಿಂದ ಗೊತ್ತಿರುವ ಸಂಗತಿ. ಉಣ್ಣಲು ಇದ್ದವರ ಮನೆಯಲ್ಲಿ ಓದಲೂ ಇತ್ತು ಎಂಬುದೂ ಇದೆ. ನಡುವಯಸ್ಸಿನ ಬೊಜ್ಜನ್ನು ಜಗತ್ತಿನ ತಜ್ಞರು ಇಂದಿಗೂ ಮರೆವಿನ ಅಪಾಯಗಳ ಪಟ್ಟಿಯಲ್ಲೇ ಇಟ್ಟಿದ್ದಾರೆ.

1934ರ ದಫ್ತರ ಉತ್ತರಿಸಲಾಗದ ಪ್ರಶ್ನೆ ಹಾಗೇ ಇದೆ: ಬಸುರಿನಲ್ಲಿ ತಾಯಿಗಿದ್ದ ಸಕ್ಕರೆ ಮಗುವಿನ ಮುಪ್ಪಿನ ನೆನಪನ್ನೂ ಮುಟ್ಟುತ್ತದೆಯೇ? ಆ ಲೆಕ್ಕ ಇರುವುದು ಪಾರ್ಥೆನಾನ್ ಅಧ್ಯಯನದ ಮಕ್ಕಳ ಬಳಿ. ಅವರಿಗೆ 55 ತುಂಬುವುದು 2053ರ ಸುಮಾರಿಗೆ.