ಕೈ ಎತ್ತಲು ಬಿಡದ ಭುಜ

ಭುಜ ನೋವೆಂದು ಬಂದವರನ್ನು ಎಲ್ಲಿ ಎಂದು ಕೇಳಿ ನೋಡಿ. ಹೆಚ್ಚಿನವರು ಭುಜದ ತುದಿಯನ್ನು ಮುಟ್ಟುವುದಿಲ್ಲ. ರಟ್ಟೆಯ ಹೊರಬದಿಗೆ ಅಂಗೈಯಿಟ್ಟು ಕೆಳಕ್ಕೆ ಸವರುತ್ತಾ "ಇಲ್ಲೆಲ್ಲಾ" ಅನ್ನುತ್ತಾರೆ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಅಟ್ಟದ ಡಬ್ಬಿ ಇಳಿಸಲು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು, ಜಡೆ ಹೆಣೆದುಕೊಳ್ಳಲು ಆಗುವುದಿಲ್ಲ. ನಲವತ್ತು ದಾಟಿದವರಲ್ಲಿ ಇಂಥ ನೋವಿಗೆ ಬಹಳ ಸಲ ಕಾರಣ ರೊಟೇಟರ್ ಕಫ್, ಅಂದರೆ ಭುಜದ ಕೀಲನ್ನು ಸುತ್ತುವರಿದ ಸ್ನಾಯುರಜ್ಜುಗಳ ಗುಂಪು.

ರಟ್ಟೆಮೂಳೆಯ ಗುಂಡುತಲೆ ದೊಡ್ಡದು. ಅದು ಕೂರುವ ಹೆಗಲಮೂಳೆಯ ಗುಳಿ ಚಿಕ್ಕದು, ಆಳವೂ ಇಲ್ಲ. ಪುಟ್ಟ ತಟ್ಟೆಯ ಮೇಲೆ ತೆಂಗಿನಕಾಯಿ ನಿಲ್ಲಿಸಿದ ಹಾಗೆ. ಕೈ ಎಲ್ಲ ದಿಕ್ಕಿಗೂ ಸರಾಗವಾಗಿ ತಿರುಗುವುದು ಇದರಿಂದಲೇ. ಆದರೆ ಆ ಗುಂಡು ಜಾರದಂತೆ ಹಿಡಿದಿಡುವವರು ಯಾರಾದರೂ ಬೇಕಲ್ಲ? ಸುಪ್ರಾಸ್ಪೈನೇಟಸ್, ಇನ್ಫ್ರಾಸ್ಪೈನೇಟಸ್, ಟೆರೀಸ್ ಮೈನರ್, ಸಬ್‌ಸ್ಕ್ಯಾಪುಲಾರಿಸ್ ಎಂಬ ನಾಲ್ಕು ಸ್ನಾಯುಗಳು ಆ ಕೆಲಸ ಮಾಡುತ್ತವೆ. ಓದುಗರು ಮೊದಲನೆಯ ಹೆಸರೊಂದನ್ನು ನೆನಪಿಟ್ಟರೆ ಸಾಕು. ಹೆಚ್ಚಾಗಿ ಕೆಡುವುದು ಅದರ ರಜ್ಜು. ವಯಸ್ಸಾದಂತೆ ಅದರ ಎಳೆಗಳ ಜೋಡಣೆ ಸಡಿಲಾಗುತ್ತದೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಇದ್ದವರಲ್ಲಿ ತೊಂದರೆ ಹೆಚ್ಚು. ವರ್ಷವಿಡೀ ಕೈ ಎತ್ತದವರು ಯುಗಾದಿ ಬಂತೆಂದು ಎರಡು ದಿನ ಬಿಡದೆ ಗೋಡೆಗೆ ಸುಣ್ಣ ಬಳಿದರೆ, ಆ ಹಠಾತ್ ಹೊರೆಗೆ ರಜ್ಜು ಸಿಡಿಮಿಡಿಗೊಳ್ಳುತ್ತದೆ.

ರೋಗ ಪತ್ತೆಯ ಮುಖ್ಯ ಸಾಧನ ವೈದ್ಯರ ಕಣ್ಣು ಮತ್ತು ಕೈ. ಅಂಗಿ ಬಿಚ್ಚಲು ಹೇಳಿ ನೋಡುತ್ತಾ ನಿಲ್ಲುವುದರಿಂದಲೇ ಪರೀಕ್ಷೆ ಶುರು: ನೋವಿರುವವರು ಮೊದಲು ಒಳ್ಳೆಯ ಕೈಯನ್ನು ಅಂಗಿಯ ತೋಳಿನಿಂದ ಹೊರತೆಗೆದು, ಆಮೇಲೆ ಅಂಗಿಯನ್ನು ನೋವಿನ ಕೈಯಿಂದ ಮೆಲ್ಲಗೆ ಇಳಿಸುತ್ತಾರೆ. ನಂತರ ಕೈಯನ್ನು ಪಕ್ಕದಿಂದ ಮೇಲೆತ್ತಿಸುತ್ತಾರೆ. ಮೊದಲಲ್ಲಿ ಸುಲಭ, ಸುಮಾರು 60 ಡಿಗ್ರಿಗೆ ನೋವು ಹಿಡಿದುಕೊಳ್ಳುತ್ತದೆ, 120 ದಾಟಿದ ಮೇಲೆ ಬಿಟ್ಟುಬಿಡುತ್ತದೆ. ಈ ನಡುವಿನ ನೋವು ರಜ್ಜಿನ ಕಡೆಗೆ ಬೆರಳು ತೋರಿಸುತ್ತದೆ. ಮುಂಚಾಚಿದ ಕೈಯನ್ನು ವೈದ್ಯರು ಕೆಳಕ್ಕೆ ಒತ್ತುವಾಗ ತಡೆಯಲು ಹೋದರೆ ನೋವಾಗುತ್ತದೆಯೋ, ಬಲವೇ ಇಲ್ಲವೋ ಎಂದೂ ನೋಡುತ್ತಾರೆ. ಇವುಗಳಲ್ಲಿ ಯಾವ ಪರೀಕ್ಷೆಯೂ ಒಂಟಿಯಾಗಿ ತೀರ್ಪು ಕೊಡಲಾರದು.

ನನ್ನ ಮಟ್ಟಿಗೆ ಇನ್ನೊಂದು ಪರೀಕ್ಷೆ ಇವೆಲ್ಲಕ್ಕಿಂತ ಮುಖ್ಯ. ಮೊಣಕೈಯನ್ನು ಪಕ್ಕೆಗೆ ಒತ್ತಿ ಮಡಚಿ, ಮುಂಗೈಯನ್ನು ಹೊರಕ್ಕೆ ತಿರುಗಿಸುವುದು. ರಜ್ಜಿನ ನೋವಿದ್ದಾಗ ವೈದ್ಯರು ತಾವೇ ಹಿಡಿದು ತಿರುಗಿಸಿದರೆ ಅದು ಬಹುಮಟ್ಟಿಗೆ ತಿರುಗುತ್ತದೆ. ಅವರ ಕೈಗೂ ಬಗ್ಗದಿದ್ದರೆ ಅದು ಫ್ರೋಜನ್ ಶೋಲ್ಡರ್, ಅಂದರೆ ಕೀಲೇ ಬಿಗಿದುಕೊಳ್ಳುವ ಕಾಯಿಲೆ ಇರಬಹುದು, ಇಲ್ಲವೇ ಕೀಲು ಸವೆದಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಫ್ರೋಜನ್ ಶೋಲ್ಡರ್ ಸಾಮಾನ್ಯ. ಅದರ ದಾರಿಯೇ ಬೇರೆ, ವಾಸಿಯಾಗಲು ಹಿಡಿಯುವ ಕಾಲವೂ ಬೇರೆ. ನೋವು ಮೊಣಕೈ ದಾಟಿ ಬೆರಳಿಗಿಳಿದು ಜೋಮು ಹಿಡಿದರೆ ಕತ್ತಿನ ನರವನ್ನು ಸಂಶಯಿಸಬೇಕು. ನಡೆದಾಗ ಬರುವ, ಎದೆ ಬಿಗಿತ ಮತ್ತು ಬೆವರಿನ ಜೊತೆಗಿನ ಎಡಭುಜದ ನೋವಿಗೆ ಮುಲಾಮು ಹಚ್ಚುತ್ತಾ ಕೂರಬಾರದು, ಅದು ಹೃದಯದ್ದಿರಬಹುದು. ಜ್ವರದೊಂದಿಗೆ ಕೀಲು ಊದಿ ಬಿಸಿಯಾಗಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಎಂಆರ್‌ಐ? 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಭುಜದಲ್ಲಿ ಯಾವ ನೋವೂ ಇಲ್ಲದ 96 ಜನರಿಗೆ ಎಂಆರ್‌ಐ ಮಾಡಿದರು. ಶೇಕಡಾ 34 ಜನರ ರಜ್ಜು ಹರಿದಿರುವುದು ಕಂಡಿತು. ಅರವತ್ತು ದಾಟಿದವರಲ್ಲಿ ಶೇಕಡಾ 54. ಅವರೆಲ್ಲ ಆರಾಮವಾಗಿ ಓಡಾಡಿಕೊಂಡಿದ್ದವರು. ಆದ್ದರಿಂದ ವರದಿಯಲ್ಲಿ "ಭಾಗಶಃ ಹರಿದಿದೆ" ಎಂದು ಬಂದ ಮಾತ್ರಕ್ಕೆ ನೋವಿನ ಮೂಲ ಸಿಕ್ಕಿತೆಂದು ಹೇಳಲಾಗದು. ಬೀಳದೆ, ಪೆಟ್ಟಾಗದೆ ಶುರುವಾದ ನೋವಿಗೆ ಮೊದಲ ವಾರದಲ್ಲೇ ಎಂಆರ್‌ಐ ಮಾಡಿಸುವುದು ದುಡ್ಡು ದಂಡ. ರಜ್ಜಿನಲ್ಲಿ ಸುಣ್ಣ ಕಟ್ಟಿದೆಯೇ, ಕೀಲು ಸವೆದಿದೆಯೇ ಎಂದು ತಿಳಿಯಲು ಎಕ್ಸ್‌ರೇ ಸಾಕು. ರಜ್ಜು ಪೂರ್ತಿ ಹರಿದಿದೆಯೇ ಎಂಬುದನ್ನು ಪಳಗಿದ ಕೈಯ ಅಲ್ಟ್ರಾಸೌಂಡ್ ಕೂಡ ಹೇಳಬಲ್ಲದು.

ಚಿಕಿತ್ಸೆಯ ತಿರುಳು ವ್ಯಾಯಾಮ. ಕೈಯನ್ನು ಜೋಳಿಗೆಗೆ ಹಾಕಿ ಸುಮ್ಮನಿರಿಸಿದರೆ ಕೀಲು ಬಿಗಿಯುತ್ತದೆ. ಭಾರ ಎತ್ತುವುದನ್ನು, ತಲೆಯ ಮೇಲಿನ ಕೆಲಸವನ್ನು ಕೆಲವು ವಾರ ತಗ್ಗಿಸಿದರೆ ಸಾಕು. ಆರಂಭಕ್ಕೆ ಸುಲಭವಾದದ್ದು: ಬಾಗಿಲ ಚೌಕಟ್ಟಿಗೆ ಪಕ್ಕವಾಗಿ ನಿಂತು, ಕಂಕುಳಲ್ಲಿ ಮಡಚಿದ ಟವೆಲ್ ಇಟ್ಟು, ಮೊಣಕೈ ಮಡಚಿ, ಮುಂಗೈಯ ಹಿಂಬದಿಯಿಂದ ಚೌಕಟ್ಟನ್ನು ಹೊರಕ್ಕೆ ಒತ್ತುವುದು. ಕೈ ಅಲ್ಲಾಡಬಾರದು, ಸ್ನಾಯು ಮಾತ್ರ ಬಿಗಿಯಬೇಕು. ಅದು ಒಗ್ಗಿದ ಮೇಲೆ ರಬ್ಬರ್ ಪಟ್ಟಿ, ಆಮೇಲೆ ಸಣ್ಣ ತೂಕ. ಮಾಡುವಾಗ ತುಸು ನೋವಾದರೆ ಹೆದರಬೇಕಿಲ್ಲ, ಮರುದಿನಕ್ಕೂ ಉಳಿದರೆ ಹೊರೆ ಇಳಿಸಬೇಕು. ಫಲ ಕಾಣಲು ಸುಮಾರು ಮೂರು ತಿಂಗಳು ಹಿಡಿಯುವುದು ಸಾಮಾನ್ಯ. ಹದಿನೈದು ದಿನಕ್ಕೆ ಬೇಸತ್ತು ಡಾಕ್ಟರನ್ನು ಬದಲಾಯಿಸುವವರೇ ಹೆಚ್ಚು.

ಫಿಜಿಯೋಥೆರಪಿಗೆ ತಿಂಗಳುಗಟ್ಟಲೆ ಅಲೆಯಲೇಬೇಕೇ? 2021ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಗ್ರಾಸ್ಪ್ ಅಧ್ಯಯನದಲ್ಲಿ 708 ರೋಗಿಗಳಿದ್ದರು. ಕೆಲವರಿಗೆ ಆರು ಭೇಟಿಗಳವರೆಗೆ ಹಂತಹಂತದ ವ್ಯಾಯಾಮ. ಉಳಿದವರಿಗೆ ಒಂದೇ ಭೇಟಿಯಲ್ಲಿ ಸರಿಯಾದ ಸಲಹೆ ಮತ್ತು ಮನೆಯಲ್ಲಿ ಮಾಡುವ ಸರಳ ವ್ಯಾಯಾಮ. ವರ್ಷದ ಕೊನೆಗೆ ಎರಡೂ ಗುಂಪು ಒಂದೇ ಮಟ್ಟದಲ್ಲಿದ್ದವು. ಊರಿನಿಂದ ತಾಲೂಕು ಕೇಂದ್ರಕ್ಕೆ ಬಸ್ ಹತ್ತಿಳಿಯುವವರಿಗೆ ಇದು ಸಣ್ಣ ಸಮಾಧಾನವಲ್ಲ. ಅದೇ ಅಧ್ಯಯನ ಸ್ಟಿರಾಯ್ಡ್ ಇಂಜೆಕ್ಷನ್ನನ್ನೂ ಪರೀಕ್ಷಿಸಿತು: ಎಂಟು ವಾರಕ್ಕೆ ತುಸು ಆರಾಮ, ವರ್ಷಕ್ಕೆ ವ್ಯತ್ಯಾಸವಿಲ್ಲ. ನಿದ್ದೆಗೆಟ್ಟವರಿಗೆ ಒಂದು ಇಂಜೆಕ್ಷನ್ ಉಪಕಾರಿ. ಮತ್ತೆ ಮತ್ತೆ ಚುಚ್ಚಿಸಿದರೆ ರಜ್ಜು ದುರ್ಬಲವಾಗಬಹುದು. ಸಕ್ಕರೆ ಕಾಯಿಲೆಯವರಲ್ಲಿ ಅದು ಕೆಲವು ದಿನ ಸಕ್ಕರೆಯ ಮಟ್ಟ ಏರಿಸುತ್ತದೆ.

ಇನ್ನು ಆಪರೇಷನ್. ಅಮೆರಿಕದ ಮೂಳೆ ಶಸ್ತ್ರವೈದ್ಯ ಚಾರ್ಲ್ಸ್ ನೀರ್ 1972ರಲ್ಲಿ ಭುಜದ ಮೇಲ್ಛಾವಣಿಯ ಮೂಳೆ ರಜ್ಜನ್ನು ಉಜ್ಜುತ್ತದೆ, ಅದನ್ನು ಕೆತ್ತಿದರೆ ಗುಣವಾಗುತ್ತದೆ ಎಂಬ ವಾದ ಮುಂದಿಟ್ಟರು. ದಶಕಗಳ ಕಾಲ ಲೆಕ್ಕವಿಲ್ಲದಷ್ಟು ಭುಜಗಳ ಮೂಳೆ ಕೆತ್ತಲಾಯಿತು. ಕೊನೆಗೆ ಬ್ರಿಟನ್ನಿನಲ್ಲಿ 313 ರೋಗಿಗಳ ಮೇಲೆ ನಡೆದ ಸಿಸಾ ಅಧ್ಯಯನ ಕೆಲವರಿಗೆ ಮೂಳೆ ಕೆತ್ತಿತು, ಕೆಲವರಿಗೆ ದುರ್ಬೀನು ತೂರಿಸಿ ನೋಡಿ ಹೊಲಿಗೆ ಹಾಕಿತು, ಇನ್ನು ಕೆಲವರಿಗೆ ಏನೂ ಮಾಡಲಿಲ್ಲ. ಕೆತ್ತಿದ್ದಕ್ಕೂ ಬರೀ ನೋಡಿದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ. ಏನೂ ಮಾಡಿಸಿಕೊಳ್ಳದವರಿಗಿಂತ ಈ ಎರಡು ಗುಂಪುಗಳಿಗೆ ಸಿಕ್ಕ ಲಾಭ ಗಣನೆಗೆ ಬಾರದಷ್ಟು ಚಿಕ್ಕದು.

ಆದರೆ ಗಾಡಿಯಿಂದ ಬಿದ್ದೋ ಏಣಿ ಜಾರಿಯೋ, ಅಂದಿನಿಂದ ಕೈ ಎತ್ತಲು ಬಲವೇ ಇಲ್ಲದಂತಾದರೆ ಅದು ಬೇರೆ ಕಥೆ. ಚೆನ್ನಾಗಿದ್ದ ರಜ್ಜು ಹರಿದಿರಬಹುದು. ತಡಮಾಡಿದಷ್ಟೂ ಸ್ನಾಯು ಹಿಂದೆಳೆದುಕೊಂಡು ಕೊಬ್ಬು ತುಂಬಿ ಹೊಲಿಯಲು ಕಷ್ಟವಾಗುತ್ತದೆ. ಇಲ್ಲಿ ಬೇಗ ಸ್ಕ್ಯಾನ್ ಮಾಡಿಸಿ ಮೂಳೆ ವೈದ್ಯರಿಗೆ ತೋರಿಸಬೇಕು. ಹೊಲಿದ ಮೇಲೆ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿರುತ್ತದೆ, ಮೂಟೆ ಹೊರುವಂಥ ಕೆಲಸಕ್ಕೆ ಮರಳಲು ಅರ್ಧ ವರ್ಷ ಹಿಡಿಯಬಹುದು. ದಿನಗೂಲಿಯವರಾದರೆ ಅಷ್ಟು ತಿಂಗಳ ಸಂಪಾದನೆಯ ವಿಚಾರವನ್ನು ಆಪರೇಷನ್‌ಗೆ ಒಪ್ಪುವ ಮುನ್ನವೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಬೇಕಾಗುತ್ತದೆ.