ಅವ್ವನ ಇನ್ಸುಲಿನ್, ಕಿತ್ತಳೆ ಮುಚ್ಚಳದ ಸಿರಿಂಜ್

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಅನುಮಾನ ಹೋಗಿದ್ದು ಅವರಿಗೆ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ಆಮೇಲೆ ಕುರುಗೋಡಿನ ನಮ್ಮ ಮನೆಯಲ್ಲಿ ಯಾರಿಗೆ ಡ್ರಿಪ್ ಹಾಕಿಸಿದ್ರೂ ಬಾಟಲಿ ತಿರುಗಿಸಿ ನೋಡೋದು ರೂಢಿಯಾಯ್ತು. ನಮ್ಮದೇ ಫ್ರಿಜ್‌ನಲ್ಲಿದ್ದ ಬಾಟಲಿಯನ್ನು ಮಾತ್ರ ಯಾರೂ ನೋಡಲಿಲ್ಲ.

ಅವ್ವನಿಗೆ ಶುಗರ್. ಬೆಳಿಗ್ಗೆ 20 ಯೂನಿಟ್ ಇನ್ಸುಲಿನ್. ಚುಚ್ಚೋದು ತಮ್ಮ. ಬೆಂಗಳೂರಿನಲ್ಲಿ ಕೋಡ್ ಬರೆಯೋ ನಾನು ರಿಮೈಂಡರ್ ಹಾಕಿ, ರೀಡಿಂಗ್‌ಗಳನ್ನು ಶೀಟ್‌ನಲ್ಲಿ ತುಂಬುತ್ತಿದ್ದೆ. ಒಂದು ಡೋಸೂ ತಪ್ಪಲಿಲ್ಲ, ಆದರೂ ಶುಗರ್ 300ರಿಂದ ಇಳಿಯಲಿಲ್ಲ. "ಕದ್ದು ಸಿಹಿ ತಿಂತೀಯ" ಅಂತ ಅವ್ವನನ್ನೇ ಬೈದೆ. ಡಾಕ್ಟರ್ ಡೋಸ್ 30ಕ್ಕೆ ಏರಿಸಿದರು.

ಸಿರುಗುಪ್ಪದ ದೊಡ್ಡಮ್ಮನ ಮಗಳು ಸ್ಟಾಫ್ ನರ್ಸ್. ಹಬ್ಬಕ್ಕೆ ಬಂದಾಗ ನನ್ನ ಶೀಟ್ ತೋರಿಸಿದೆ. ಅಕ್ಕ ಅದರ ಕಡೆ ನೋಡಲೂ ಇಲ್ಲ. "ಬಾಟ್ಲಿ, ಸಿರಿಂಜ್ ಎರಡೂ ತಗಂಬಾ" ಅಂದಳು.

ಬಾಟಲಿ ಮೇಲೆ ಒಂದು ಎಂಎಲ್‌ಗೆ 40 ಯೂನಿಟ್ ಅಂತ ಇತ್ತು. ಅದಕ್ಕೆ ಬೇಕಾದದ್ದು ಕೆಂಪು ಮುಚ್ಚಳದ ಸಿರಿಂಜ್. ನಮ್ಮಲ್ಲಿದ್ದದ್ದು ಕಿತ್ತಳೆ ಮುಚ್ಚಳದ್ದು, 100 ಯೂನಿಟ್‌ನ ಇನ್ಸುಲಿನ್‌ಗೆ ಮಾಡಿದ್ದು. ಅದರಲ್ಲಿ 20ರ ಗೆರೆವರೆಗೆ ಎಳೆದರೆ 0.2 ಎಂಎಲ್, ಅಂದ್ರೆ ಅವ್ವನ ಮೈಗೆ ಹೋಗ್ತಿದ್ದದ್ದು ಬರೀ 8 ಯೂನಿಟ್! 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅಳತೆಯ ಗೊಂದಲದಿಂದಲೇ ಹಾಳಾಯ್ತು ಅಂತ ಆಫೀಸಿನಲ್ಲಿ ಹೊಸಬರಿಗೆ ಹೇಳೋನು ನಾನೇ.

ಅಕ್ಕ ಹೆದರಿದ್ದು ಮುಂದಿನದಕ್ಕೆ. ಡೋಸ್ ಏರಿಸಿದ ಮೇಲೂ ಹೋಗ್ತಿದ್ದದ್ದು 12 ಯೂನಿಟ್. ನಾಳೆ ಅಂಗಡಿಯವರು ಸರಿಯಾದ ಕೆಂಪು ಸಿರಿಂಜ್ ಕೊಟ್ಟಿದ್ದರೆ, ಅದೇ ಮೈಗೆ ಒಮ್ಮೆಲೇ 30. "ವಾರ್ಡ್‌ನಾಗ ಒಬ್ಬರು ಎಳೆದಿದ್ದನ್ನ ಇನ್ನೊಬ್ಬರು ನೋಡಿದ ಮ್ಯಾಲೇ ಚುಚ್ಚೋದು. ಬೆವರಿ, ನಡುಗಿ, ಮಾತು ತಡವರಿಸಿದ್ರೆ ತಕ್ಷಣ ಶುಗರ್ ನೋಡ್ರಿ. 70ಕ್ಕಿಂತ ಕೆಳಗಿದ್ರೆ ಮೂರು ಟೀ ಚಮಚ ಗ್ಲುಕೋಸ್ ನೀರಾಗ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡ್ರಿ. ಎಚ್ಚರ ಇಲ್ಲಂದ್ರೆ ಬಾಯಿಗೆ ಏನೂ ಹಾಕಬ್ಯಾಡ್ರಿ, 108ಕ್ಕೆ ಫೋನ್ ಮಾಡ್ರಿ."

ಅವತ್ತೇ ಡಾಕ್ಟರಿಗೆ ಫೋನ್ ಮಾಡಿದೆವು. ಕೆಂಪು ಸಿರಿಂಜ್‌ನಲ್ಲಿ ಎಷ್ಟು ಕೊಡಬೇಕು ಅಂತ ಅವರು ಹೊಸದಾಗಿ ಬರೆದುಕೊಟ್ಟರು, ಮೊದಲ ವಾರ ದಿನಕ್ಕೆ ನಾಲ್ಕು ಸಲ ಚೆಕ್ ಮಾಡಿ ಅಂದರು. ಈಗ ತಮ್ಮ ಚುಚ್ಚುವ ಮುಂಚೆ ಬಾಟಲಿ, ಮುಚ್ಚಳ, ಗೆರೆ ಮೂರೂ ಕಾಣುವ ಫೋಟೋ ಕಳಿಸ್ತಾನೆ, ನಾನು ಹೂಂ ಅಂದ ಮೇಲೇ ಸೂಜಿ. ಸಿಹಿ ಕದ್ದ ಆರೋಪವನ್ನು ಅವ್ವ ಇನ್ನೂ ಮರೆತಿಲ್ಲ.