ಕೋಕೋ ಮರದ ದಾಯಾದಿ

ಚಾಕೊಲೇಟು ಕೋಕೋ ಎಂಬ ಮರದ ಬೀಜದಿಂದ ಆಗುತ್ತದೆಂಬುದನ್ನು ನೀವು ಬಲ್ಲಿರಿ. ಪುತ್ತೂರು, ಸುಳ್ಯಗಳ ಕಡೆಯ ಅಡಿಕೆತೋಟಗಳಿಗೆ ಹೋಗಿಬಂದವರು ಆ ಮರವನ್ನು ಕಣ್ಣಾರೆ ಕಂಡಿರಲೂಬಹುದು. ಬೊಡ್ಡೆಗೇ ಅಂಟಿಕೊಂಡು ಜೋಲುವ ಕಾಯನ್ನು ಒಡೆದು, ಬೀಜದ ಸುತ್ತಲಿನ ಹುಳಿಸಿಹಿಯಾದ ಬಿಳಿಯ ಲೋಳೆಯನ್ನು ಚೀಪಿರಲೂಬಹುದು. ಈ ಕೋಕೋವಿಗೆ ಅದರ ತವರಿನಲ್ಲಿ ಒಂದು ದಾಯಾದಿ ಮರ ಉಂಟು. ಹೆಸರು ಕುಪುವಾಸು. ಕೇಳಿದರೆ ನೆರೆಮನೆಯ ವಾಸುವಿನ ನೆಂಟನೋ ಎನ್ನಿಸೀತು. ಊರು ಮಾತ್ರ ದೂರ, ಬ್ರೆಜಿಲ್ ದೇಶದ ಅಮೆಜಾನ್ ಮಳೆಕಾಡು. ಹೆಸರಿನ ಕೊನೆಯ ‘ಆಸು’ ಎಂಬುದಕ್ಕೆ ಅಲ್ಲಿನ ತೂಪಿ ಭಾಷೆಯಲ್ಲಿ ‘ದೊಡ್ಡದು’ ಎಂದು ಅರ್ಥ.

ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಕೋಕೋವಿನ ಕುಲಕ್ಕೆ ‘ಥಿಯೊಬ್ರೋಮ’ ಎಂದು ಹೆಸರಿಟ್ಟನು. ದೇವತೆಗಳ ಆಹಾರವೆಂದು ಅದರ ಅರ್ಥ. ಕುಪುವಾಸು ಅದೇ ಕುಲದ್ದು. ಅದರ ಪೂರ್ಣನಾಮ ಥಿಯೊಬ್ರೋಮ ಗ್ರಾಂಡಿಫ್ಲೋರಮ್, ಅಂದರೆ ದೊಡ್ಡ ಹೂವಿನದು. ಇನ್ನೂ ಹಿಂದಕ್ಕೆ ಹೋಗಿ ವಂಶವೃಕ್ಷವನ್ನು ಬಿಡಿಸಿದರೆ ನಿಮ್ಮ ಅಂಗಳದ ದಾಸವಾಳವೂ, ಹೊಲದ ಹತ್ತಿಯೂ, ಹುಳಿಗೆ ಹಾಕುವ ಬೆಂಡೆಕಾಯಿಯೂ ಇದೇ ಕುಟುಂಬಕ್ಕೆ ಸೇರಿದವು. ದೇವತೆಗಳ ಆಹಾರಕ್ಕೂ ಬೆಂಡೆಕಾಯಿಗೂ ನೆಂಟಸ್ತಿಕೆ!

ಕಾಡಿನಲ್ಲಿ ಈ ಮರ ಇಪ್ಪತ್ತು ಮೀಟರಿನವರೆಗೂ ಬೆಳೆಯಬಲ್ಲದು. ತೋಟದಲ್ಲಿ ಅದರ ಅರ್ಧದಷ್ಟಕ್ಕೆ ನಿಲ್ಲುತ್ತದೆ. ಕೋಕೋ ಬೊಡ್ಡೆಯ ಮೇಲೆಯೇ ಹೂಬಿಟ್ಟರೆ ಕುಪುವಾಸು ಕೊಂಬೆಗಳಲ್ಲಿ ಕಡುಗೆಂಪಿನ ಹೂ ಬಿಡುತ್ತದೆ. ಒಂದು ಸಪೋಟಾ ಹಣ್ಣು ತೆಂಗಿನಕಾಯಿಯ ಗಾತ್ರಕ್ಕೆ ಉಬ್ಬಿ, ಕೊಂಚ ಉದ್ದವಾಯಿತೆಂದು ಭಾವಿಸಿಕೊಳ್ಳಿ; ಕುಪುವಾಸುವಿನ ಹಣ್ಣು ಹೆಚ್ಚುಕಡಿಮೆ ಹಾಗೆಯೇ. ಮೈಮೇಲೆ ಕಂದುಬಣ್ಣದ ನವಿರಾದ ಹುಡಿ, ಒಳಗೆ ಗಟ್ಟಿಯಾದ ಚಿಪ್ಪು, ತೂಕ ಸಾಮಾನ್ಯವಾಗಿ ಒಂದು ಕಿಲೋದ ಆಸುಪಾಸು. ಹಣ್ಣಾದರೂ ಬಣ್ಣ ಬದಲಾಗುವುದಿಲ್ಲ. ಹಾಗಾದರೆ ಮಾಗಿದ್ದು ತಿಳಿಯುವುದು ಹೇಗೆ? ತಾನಾಗಿ ನೆಲಕ್ಕೆ ಬೀಳುತ್ತದೆ. ಹಲಸಿನ ಹಣ್ಣಿನಂತೆ ವಾಸನೆಯಿಂದಲೇ ತನ್ನ ಇರವನ್ನು ಸಾರುತ್ತದೆ. ಕೋಕೋವನ್ನು ಮರದಿಂದ ಕೊಯ್ಯಬೇಕು, ಕುಪುವಾಸುವನ್ನು ನೆಲದಿಂದ ಆಯ್ದರೆ ಸಾಕು. ಅಲ್ಲಿನ ಮಳೆಗಾಲದ ತಿಂಗಳುಗಳಲ್ಲಿ ಬೆಳಗ್ಗೆ ಬುಟ್ಟಿ ಹಿಡಿದು ಮರದಡಿಗೆ ಹೋಗುವುದೇ ಕೊಯ್ಲು.

ಚಿಪ್ಪನ್ನು ಒಡೆದರೆ ಬೆಳ್ಳಗಿನ ತಿರುಳು, ಅದರೊಳಗೆ ಇಪ್ಪತ್ತರಿಂದ ಐವತ್ತು ಬೀಜಗಳು. ಪರಿಮಳವನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ. ಅನಾನಸು ಎನ್ನುವವರುಂಟು, ಬಾಳೆಹಣ್ಣು ಎನ್ನುವವರುಂಟು, ಚಾಕೊಲೇಟಿನ ಎಳೆಯೊಂದಿದೆ ಎನ್ನುವವರೂ ಉಂಟು. ಹುಳಿ ಮುಂದು, ಸಿಹಿ ಹಿಂದು. ಆದುದರಿಂದ ಹಾಗೆಯೇ ತಿನ್ನುವುದಕ್ಕಿಂತ ಸಕ್ಕರೆ ಸೇರಿಸಿ ಪಾನಕ ಮಾಡುವುದು, ಹಾಲಿನ ಕೆನೆಯೊಡನೆ ಕಡೆದು ತಣ್ಣಗೆ ತಿನ್ನುವುದು, ಐಸ್‌ಕ್ರೀಮಿಗೆ ಬೆರೆಸುವುದು ಹೆಚ್ಚು. ತಿರುಳಿನಲ್ಲಿ ಪೆಕ್ಟಿನ್ ಧಾರಾಳವಾಗಿರುವುದರಿಂದ ಜಾಮು ಚೆನ್ನಾಗಿ ಕಟ್ಟುತ್ತದೆ. ಬೆಲೆಂ ಪಟ್ಟಣದ ನದೀತೀರದ ದೊಡ್ಡ ಸಂತೆಯಲ್ಲಿ ಈ ಹಣ್ಣು, ಇದರ ತಿರುಳು, ಇದನ್ನು ಹೊಟ್ಟೆಯಲ್ಲಿಟ್ಟುಕೊಂಡ ಚಾಕೊಲೇಟು ಉಂಡೆಗಳು ಎಲ್ಲವೂ ಸಿಗುತ್ತವೆ.

ಇಲ್ಲೊಂದು ತೊಡಕಿದೆ. ಹಲಸಿನ ತೊಳೆ ಬೀಜವನ್ನು ಸುಲಭವಾಗಿ ಬಿಟ್ಟುಕೊಡುವಂತೆ ಈ ತಿರುಳು ಬಿಡುವುದಿಲ್ಲ, ನಾರುಗಟ್ಟಿ ಅಪ್ಪಿಕೊಂಡಿರುತ್ತದೆ. ಮನೆಗಳಲ್ಲಿ ಹೆಂಗಸರು ಕುಳಿತು ಕತ್ತರಿಯಿಂದ ಒಂದೊಂದೇ ಬೀಜದ ಸುತ್ತ ಕತ್ತರಿಸಿ ತೆಗೆಯುತ್ತಾರೆ. ಯಂತ್ರಗಳು ಬಂದಿವೆ, ಆದರೂ ಕತ್ತರಿಯ ಕೆಲಸ ನಿಂತಿಲ್ಲ. ತೆಗೆದ ತಿರುಳು ಬೇಗ ಕೆಡುವುದರಿಂದ ಅದನ್ನು ಹೆಪ್ಪುಗಟ್ಟಿಸಿ ಕಳುಹಿಸಬೇಕು. ಈ ಹಣ್ಣು ತನ್ನ ಕಾಡಿನಿಂದ ಹೊರಗೆ ಅಷ್ಟಾಗಿ ಹೆಸರಾಗದಿರಲು ಇದೂ ಒಂದು ಕಾರಣ.

ಬೀಜ ಏನಾಯಿತು ಎಂದು ಕೇಳುವಿರಾ? ಬಹುಕಾಲ ಅದನ್ನು ಎಸೆಯುತ್ತಿದ್ದರು. ಅಣ್ಣನ ಮನೆಯಲ್ಲಿ ಬೀಜಕ್ಕೆ ಬೆಲೆ, ತಿರುಳು ಲೆಕ್ಕಕ್ಕಿಲ್ಲ. ತಮ್ಮನ ಮನೆಯಲ್ಲಿ ತಿರುಳಿಗೆ ಬೆಲೆ, ಬೀಜ ತಿಪ್ಪೆಗೆ. ಆದರೆ ಕೋಕೋವಿನಂತೆಯೇ ಈ ಬೀಜವನ್ನೂ ಕೆಲವು ದಿನ ಹುಳಿಯಿಸಿ, ಒಣಗಿಸಿ, ಹುರಿದು ಅರೆದರೆ ಚಾಕೊಲೇಟನ್ನು ಬಹುಮಟ್ಟಿಗೆ ಹೋಲುವ ತಿನಿಸು ಸಿದ್ಧವಾಗುತ್ತದೆ. ಬ್ರೆಜಿಲಿನ ಸರ್ಕಾರಿ ಕೃಷಿ ಸಂಶೋಧನ ಸಂಸ್ಥೆ ಎಂಬ್ರಾಪಾದ ಬೆಲೆಂ ಕೇಂದ್ರದವರು 1980ರ ದಶಕದಲ್ಲಿ ಇದನ್ನು ಹದಕ್ಕೆ ತಂದು, ಕುಪುವಾಸು ಮತ್ತು ಚಾಕೊಲೇಟು ಎರಡನ್ನೂ ಬೆಸೆದು ‘ಕುಪುಲಾತೆ’ ಎಂದು ಕರೆದರು. ಅದಲ್ಲದೆ ಒಣಬೀಜದ ಅರ್ಧಕ್ಕಿಂತ ಹೆಚ್ಚು ಪಾಲು ಕೊಬ್ಬು. ಬೆಣ್ಣೆಯಂತಹ ಮೆತ್ತನೆಯ ಈ ಕೊಬ್ಬು ನೀರಿನ ಪಸೆಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೈಗೆ, ಕೂದಲಿಗೆ ಹಚ್ಚುವ ಸಾಮಗ್ರಿ ಮಾಡುವವರಿಗೆ ಬಲು ಇಷ್ಟ.

ತಿಪ್ಪೆಯ ವಸ್ತುವಿಗೆ ಬೆಲೆ ಬಂದೊಡನೆ ಅದರ ಮೇಲೆ ಹಕ್ಕುದಾರರೂ ಹುಟ್ಟುತ್ತಾರೆ. 1998ರಲ್ಲಿ ಜಪಾನಿನ ಒಂದು ಆಹಾರ ಕಂಪನಿ ‘ಕುಪುವಾಸು’ ಎಂಬ ಹೆಸರನ್ನೇ ತನ್ನ ವ್ಯಾಪಾರ ಮುದ್ರೆಯಾಗಿ ಆ ದೇಶದಲ್ಲಿ ನೋಂದಾಯಿಸಿಕೊಂಡಿತು. ಇದರ ಅರ್ಥವೇನೆಂದು ಯೋಚಿಸಿ. ನೀವು ಮಾವಿನಹಣ್ಣಿನ ಮಿಠಾಯಿ ಮಾಡಿ ಮಾರಹೊರಟಿದ್ದೀರಿ; ಡಬ್ಬಿಯ ಮೇಲೆ ‘ಮಾವು’ ಎಂದು ಬರೆಯಲು ಯಾವುದೋ ಕಂಪನಿಯ ಅಪ್ಪಣೆ ಬೇಕೆಂದರೆ ಹೇಗಾದೀತು? ಆಕ್ರೆ ಪ್ರಾಂತ್ಯದ ಒಂದು ಸಂಘದವರು ಸಂಗತಿಯನ್ನು ಕಂಡು ಹುಯಿಲೆಬ್ಬಿಸಿದರು, ಬ್ರೆಜಿಲಿನಲ್ಲೆಲ್ಲ ಪ್ರತಿಭಟನೆಯಾಯಿತು, ಜಪಾನಿನ ಕಚೇರಿಯ ಮುಂದೆ ತಕರಾರು ದಾಖಲಾಯಿತು. 2004ರ ಮಾರ್ಚಿಯಲ್ಲಿ ನೋಂದಣಿ ರದ್ದಾಯಿತು. ಅರಿಶಿನದಿಂದ ಗಾಯ ಮಾಯುತ್ತದೆಂಬುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟಿದ್ದ ಪೇಟೆಂಟನ್ನು ನಮ್ಮವರು ಆಕ್ಷೇಪಿಸಿ 1997ರಲ್ಲಿ ರದ್ದುಮಾಡಿಸಿದುದು ನಿಮಗೆ ನೆನಪಿದ್ದರೆ, ಆ ಜನರ ಸಿಟ್ಟು ಎಂತಹದೆಂದು ಹೇಳಬೇಕಾಗಿಲ್ಲ. 2008ರಲ್ಲಿ ಬ್ರೆಜಿಲ್ ಕಾನೂನು ಮಾಡಿ ಕುಪುವಾಸುವನ್ನು ರಾಷ್ಟ್ರೀಯ ಹಣ್ಣೆಂದು ಸಾರಿತು.

ಆ ಸಿಟ್ಟಿಗೆ ಹಳೆಯ ಬೇರೂ ಇದೆ. ಇದು ಕಾಡು ತಾನಾಗಿ ಕೊಟ್ಟ ಹಣ್ಣಲ್ಲ, ಕುಪುಯಿ ಎಂಬ ಸಣ್ಣ ಹಣ್ಣಿನ ಕಾಡುಮರವನ್ನು ರಿಯೊ ನೀಗ್ರೊ ನದಿಯ ಮೇಲ್ಭಾಗದ ಮೂಲನಿವಾಸಿಗಳು 5,000ದಿಂದ 8,000 ವರ್ಷಗಳ ಹಿಂದೆಯೇ ಆರಿಸಿ, ಪಳಗಿಸಿ ಬೆಳೆಸಿದುದರ ಫಲ ಎಂದು ಇತ್ತೀಚಿನ ತಳಿಶಾಸ್ತ್ರದ ಸಂಶೋಧನೆ ಹೇಳುತ್ತದೆ.

ಜಪಾನಿನ ಹೆಸರು ಬಂದುದರಿಂದ ಇನ್ನೊಂದು ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಬೆಲೆಮಿನಿಂದ ದಕ್ಷಿಣಕ್ಕೆ ತೊಮೆ-ಆಸು ಎಂಬಲ್ಲಿಗೆ 1929ರಲ್ಲಿ ಜಪಾನಿನ ಬಡ ಒಕ್ಕಲುಗಳು ಬಂದು ನೆಲೆಸಿದರು. 1933ರಲ್ಲಿ ಸಿಂಗಪುರದಿಂದ ಅಲ್ಲಿಗೆ ಕರಿಮೆಣಸಿನ ಸಸಿ ಬಂದಿತು. ನಮ್ಮ ಪಶ್ಚಿಮ ಘಟ್ಟದ ಬಳ್ಳಿಯೇ ಅದು, ಸುತ್ತುದಾರಿಯಲ್ಲಿ ಹೋದದ್ದು! ಯುದ್ಧಾನಂತರ ಮೆಣಸು ಹೊನ್ನನ್ನೇ ಸುರಿಸಿತು. ಬಳಿಕ ಬೇರುಕೊಳೆ ರೋಗ ತಗುಲಿ ತೋಟಗಳು ಒಣಗಿದವು. ಒಂದೇ ಬೆಳೆಯನ್ನು ನಂಬಿ ಕೆಟ್ಟವರು ಮೆಣಸು, ಕೋಕೋ, ಕುಪುವಾಸು, ಎತ್ತರದ ಮರಗಳು ಇವನ್ನೆಲ್ಲ ಕಾಡಿನ ಅಂತಸ್ತುಗಳಂತೆ ಒಟ್ಟಿಗೆ ನೆಟ್ಟರು. ನಮ್ಮ ಮಲೆನಾಡಿನ ತೋಟ ಕಂಡವರಿಗೆ ಇದು ಹೊಸದೆನಿಸದು. ಅಲ್ಲಿ ಇಂದಿಗೂ ಆ ಪದ್ಧತಿಯೇ ನಡೆದಿದೆ.

ಮರಕ್ಕೆ ಶತ್ರುವೂ ಇಲ್ಲದಿಲ್ಲ. ಒಂದು ಬಗೆಯ ಬೂಷ್ಟು ಹತ್ತಿದರೆ ಚಿಗುರೆಲ್ಲ ಊದಿಕೊಂಡು ಪೊರಕೆಯಂತೆ ಗುಂಪಾಗಿ ಒಡೆದು ಒಣಗುತ್ತದೆ. ಕೋಕೋವನ್ನು ಕಾಡುವುದೂ ಇದೇ. ರೋಗ ತಗುಲಿದ ರೆಂಬೆಯನ್ನು ಕಡಿದು ಸುಡುವುದು ಹಳೆಯ ಉಪಾಯ. ರೋಗವನ್ನು ತಡೆದುಕೊಳ್ಳುವ ತಳಿಗಳನ್ನು ಎಂಬ್ರಾಪಾ 2002ರಿಂದೀಚೆಗೆ ರೈತರಿಗೆ ಕೊಟ್ಟಿದೆ.

ನಮ್ಮ ಮಾರುಕಟ್ಟೆಗಳಲ್ಲಿ ಈ ಹಣ್ಣನ್ನು ಹುಡುಕಿ ಆಯಾಸಪಡಬೇಡಿ. ಆದರೆ ಅಂಗಡಿಯಲ್ಲಿ ಚರ್ಮಕ್ಕೆ ಹಚ್ಚುವ ಯಾವುದಾದರೂ ಕ್ರೀಮಿನ ಡಬ್ಬಿ ಕೈಗೆ ಬಂದಾಗ ಹಿಂಬದಿಯ ಸಣ್ಣ ಅಕ್ಷರವನ್ನು ಓದಿನೋಡಿ. ‘ಕುಪುವಾಸು ಬಟರ್’ ಎಂದಿದ್ದರೆ, ಅದು ಹಿಂದೆ ಎಸೆಯುತ್ತಿದ್ದ ಆ ಬೀಜದ ಕೊಬ್ಬು.